ಪರದೆ ಹಗ್ಗದವನ ಲೆಕ್ಕ

ಮೂವತ್ತು ತಲೆ ಆಗದಿದ್ದರೆ ಆಟ ಇಲ್ಲ,
ಇದು ಮಾಲೀಕರ ಮಾತು.
ಜನರೇಟರಿನ ಡೀಸೆಲ್ಲು ಮೂವತ್ತಕ್ಕೆ ಗಿಟ್ಟುತ್ತದೆ,
ಇಪ್ಪತ್ತೊಂಬತ್ತಕ್ಕೆ ಗಿಟ್ಟುವುದಿಲ್ಲ.
ಆಟ ಇಲ್ಲವೆಂದರೆ ಭತ್ಯೆ ಇಲ್ಲ,
ಭತ್ಯೆ ಇಲ್ಲವೆಂದರೆ
ಬಿಡಾರದ ಹಿಂದಿನ ಒಲೆಯ ಮೇಲೆ
ನಿನ್ನೆಯ ಸಾರಿಗೆ ಇವತ್ತಿನ ನೀರು.

ಹೆಸರು ಯಮನೂರಪ್ಪ, ಗಜೇಂದ್ರಗಡದ ಕಡೆಯವನು.
ಇಪ್ಪತ್ತೆರಡು ವರ್ಷದಿಂದ ಈ ಹಗ್ಗ ನನ್ನದು.
ಜನ ನನ್ನ ಮುಖ ನೋಡಿಲ್ಲ,
ನಾನು ಎಲ್ಲರ ಬೆನ್ನು ನೋಡಿದ್ದೇನೆ.
ರಾಜನ ಅಂಗಿಗೆ ಹಿಂದುಗಡೆ ಜರಿ ಇಲ್ಲ,
ಗೋಣಿದಾರದ ಹೊಲಿಗೆ.

ದಾವಣಗೆರೆ ಕ್ಯಾಂಪೆಂದರೆ ತವರಿಗೆ ಬಂದಂತೆ
ಅನ್ನುತ್ತಿದ್ದರು ಹಿಂದಿನವರು.
ಮಿಲ್ಲಿನ ಪಾಳಿ ಬಿಟ್ಟು
ತಲೆಗೆ ಮೆತ್ತಿದ ಅರಳೆ ಸಮೇತ ಬಂದು ಕೂರುತ್ತಿತ್ತಂತೆ ಜನ.
ಅದು ಕೇಳಿದ್ದು.
ಕಂಡದ್ದು ಜವಳಿಯವರ ಕಾಲ.
ನಮ್ಮ ಮುಂದಿನ ಪರದೆ ತುಂಬ ಅವರೇ:
ಹಂಸದ ಎಡಕ್ಕೆ ಹೊಸಕೇರಿ ಸ್ಯಾರಿ ಸೆಂಟರ್,
ಬಲಕ್ಕೆ ಕಡ್ಲೆಬಾಳು ಬ್ರದರ್ಸ್, ಸೂಟಿಂಗ್ ಶರ್ಟಿಂಗ್,
ಕೆಳಗೊಂದು ಎಣ್ಣೆಗಿರಣಿ, ಒಂದು ಲಾಡ್ಜು,
ಯಾರೂ ಎತ್ತದ ಫೋನ್ ನಂಬರುಗಳು.
ಲಾಡ್ಜು ಈಗ ಗೋದಾಮು.
ಸ್ಯಾರಿ ಸೆಂಟರಿಗೆ ಬ್ಯಾಂಕಿನ ಬೀಗ.
ಅಳಿಸಿಬಿಡೋಣವೆಂದರೆ ಪೇಂಟರು ಮೂರು ಸಾವಿರ ಕೇಳಿದ.
ಹಾಗಾಗಿ ದಿನಾ ರಾತ್ರಿ ಒಂಬತ್ತೂವರೆಗೆ
ಮುಚ್ಚಿದ ಅಂಗಡಿಗಳನ್ನೆಲ್ಲ ನಾನೇ ಎತ್ತುತ್ತೇನೆ.
ಎತ್ತಂಗಡಿ ಅಂದರೆ ಇದೇ ಇರಬೇಕು.

ಇವತ್ತು ಇಪ್ಪತ್ತೇಳು.
ಒಂಬತ್ತಾಯಿತು, ಹತ್ತು ನಿಮಿಷವಾಯಿತು, ಇಪ್ಪತ್ತೇಳು.
ಟಿಕೆಟ್ ಕಿಂಡಿಯಿಂದ ಬುಡೇನ್ ಸಾಬ ತಲೆ ಅಲ್ಲಾಡಿಸಿದ.
ಪೆಟ್ಟಿಗೆ ಮಾಸ್ತರು ಅದೇ ನಾಂದಿಯನ್ನು
ನಾಲ್ಕನೇ ಸಲ ತಿರುವಿ ಹಾಕಿದರು.
ಚಂದ್ರವ್ವ ಸಫೇದಾ ಹಚ್ಚಿಕೊಂಡು ಕೂತಿದ್ದಳು.
ಬೆಳಗಿನ ಐದರಿಂದ ಭಟ್ಟಿಯಲ್ಲಿ
ಮಂಡಕ್ಕಿ ಹುರಿದ ಮುಂಗೈಗೆ ಬಣ್ಣ ನಿಲ್ಲುವುದಿಲ್ಲ,
ಮರಳಿನ ಕಾವು ಒಳಗೇ ಉಳಿದಿರುತ್ತದಂತೆ.
"ಆಟ ಐತೋ ಇಲ್ಲೋ ಹೇಳ್ರಪ್ಪ,
ಬಣ್ಣ ಬಿಡಿಸೋ ಕೊಬ್ಬರಿ ಎಣ್ಣಿನೂ ರೊಕ್ಕಕ್ಕೇ ಬರ್ತೈತಿ."

ಲೆಕ್ಕ ಹಾಕಿದೆ.
ಗ್ಯಾಲರಿ ಟಿಕೆಟ್ಟು ನಲವತ್ತು. ಭತ್ಯೆ ನೂರಿಪ್ಪತ್ತು.
ನೂರಿಪ್ಪತ್ತರಲ್ಲಿ ನಲವತ್ತು ಕಳೆದರೆ ಎಂಬತ್ತು,
ಸೊನ್ನೆಯಲ್ಲಿ ಏನೂ ಕಳೆಯದಿದ್ದರೂ ಸೊನ್ನೆ.
ಅಡಿಗೆಯ ಕರಿಬಸಣ್ಣನನ್ನು ಕರೆದೆ,
ಚಂದ್ರವ್ವನ ಮುಂದೆ ಕೈ ಚಾಚಿದೆ.
ರಾಣಿ ಸೊಂಟದ ಚೀಲ ಬಿಚ್ಚಿದಳು.
ಮೂರು ಟಿಕೆಟ್ಟು.

ಮಾಲೀಕರು ನೋಟುಗಳನ್ನು ಎಣಿಸಿದರು.
ಒಂದರ ಮೇಲೆ ಬೆಳ್ಳಗೆ ಹೆಬ್ಬೆರಳು ಮೂಡಿತ್ತು.
ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.
"ಮೂರನೇ ಬೆಲ್ ಹೊಡಿ" ಅಂದರು.

ಎರಡನೇ ಅಂಕದಲ್ಲಿ ರಾಣಿ ಹೇಳಬೇಕು:
ಕೊಟ್ಟೆ ನಿನಗೆ ಸಾವಿರ ಹೊನ್ನು!
ಮುಂದಿನ ಸಾಲಿನಲ್ಲಿ ಭಟ್ಟಿ ಸಾಹುಕಾರ
ಕಾಲಮೇಲೆ ಕಾಲು ಹಾಕಿ ಕೂತಿದ್ದ.
ಚಂದ್ರವ್ವ ಅವನ ಕಡೆ ತಿರುಗಿ,
"ಕೊಡ್ತೀನಿ, ಮೊದಲು ನೀನು
ನನ್ನ ಎರಡು ವಾರದ ಕೂಲಿ ಕೊಡು."
ಇಪ್ಪತ್ತಾರು ಜನ ನಕ್ಕ ಸದ್ದು
ಮುನ್ನೂರರಷ್ಟು ಕೇಳಿಸಿತು ತಗಡಿನ ಕೆಳಗೆ.
ಸಾಹುಕಾರನೂ ಕೊನೆಗೆ ನಕ್ಕ,
ಜೇಬು ಮುಟ್ಟಿಕೊಂಡ, ಅಷ್ಟೇ.

ಒಂದು ಹೇಳಲು ಬಿಟ್ಟೆ.
ಆ ಇಪ್ಪತ್ತೇಳರಲ್ಲಿ ಒಬ್ಬರು ಕಡ್ಲೆಬಾಳಿನ ಹಿರಿಯ ಅಣ್ಣ.
ಅಂಗಡಿ ಹೋಗಿ ಮೂರು ವರ್ಷ. ಬುಧವಾರ ಬರುತ್ತಾರೆ.
ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಸು ಬೇಡ ಅನ್ನುತ್ತಾರೆ.
ಪರದೆ ಏಳುವಾಗ ಅವರ ಹೆಸರು
ಮಡಿಕೆಯೊಳಗೆ ಸೇರುವ ಮುಂಚೆ
ನಾನು ಹಗ್ಗ ಒಂದು ಉಸಿರು ತಡೆಯುತ್ತೇನೆ.
ಗಡಗಡಿ ಹಳೆಯದು, ಸಿಕ್ಕಿಕೊಂಡಿದೆ
ಅಂತ ಬೈಯುತ್ತಾರೆ ಮಾಲೀಕರು.

ಆಟ ಮುಗಿದಾಗ ಒಂದೂಮುಕ್ಕಾಲು.
ಕರಿಬಸಣ್ಣ ಪೇಪರು ಹಾಸಿ ಮಂಡಕ್ಕಿ ಸುರಿದ,
ಚಂದ್ರವ್ವ ಹುರಿದದ್ದೇ ಇರಬಹುದು,
ಹಸಿಮೆಣಸು, ಒಂದೇ ಈರುಳ್ಳಿ.
ಅವಳು ತಿನ್ನಲಿಲ್ಲ.
"ವಾಸನಿ ಸಾಕಾಗೈತಿ" ಅಂದು
ಅರ್ಧ ಮುಖದ ಬಣ್ಣದಲ್ಲೇ ಒರಗಿದಳು.
ಐದಕ್ಕೆ ಎಬ್ಬಿಸಬೇಕು ಅವಳನ್ನ.
ನಾಳೆ ಗುರುವಾರ,
ನಾಳೆಯ ಎಂಬತ್ತರಲ್ಲಿ ಮತ್ತೆ ನಲವತ್ತು ತೆಗೆದಿಡಬೇಕು.