ಅಳತೆ ಪುಸ್ತಕದ ಎಂಬತ್ತೊಂದನೇ ಪುಟ

ಕಂಕನಾಡಿ ಮಾರ್ಕೆಟಿನ ಹಿಂದೆ, ಮೀನಿನ ಮಂಜುಗಡ್ಡೆ ಕರಗಿ
ಚರಂಡಿಗೆ ಹರಿಯುವ ಸಂದಿಯಲ್ಲಿ ನನ್ನ ಅಂಗಡಿ.
ಈ ಪುಟದಲ್ಲಿ ಆರು ಎದೆಗಳುಂಟು.
ಮೂವತ್ತೆಂಟು, ನಲವತ್ತು, ಮೂವತ್ತಾರೂವರೆ...
ಪೆನ್ಸಿಲಿನಲ್ಲಿ ಬರೆದದ್ದು. ಇನ್ನೂ ಮಾಸಿಲ್ಲ.

ವೆಲೆನ್ಸಿಯಾದವರು. ಸ್ಪೇನಿನದ್ದಲ್ಲ ಮಾರಾಯ್ರೆ,
ನಮ್ಮ ನಂದಿಗುಡ್ಡೆ ಪಕ್ಕದ್ದು.
ಕಾಸ್ಮಿರನ ಚಿಕ್ಕಪ್ಪ ಹಡಗಿನಲ್ಲಿ ಅಡುಗೆಯವ,
ಪನಾಮಾದಿಂದ ಹನ್ನೊಂದು ಕ್ಯಾಸೆಟ್ ತಂದ.
ಒಂದಕ್ಕೆ ಬೂಸ್ಟು ಹಿಡಿದಿತ್ತು.
ಉಳಿದ ಹತ್ತರಿಂದ ಹುಟ್ಟಿತು 'ವೆಲೆನ್ಸಿಯಾ ಸಿಕ್ಸ್'.

ಗ್ರೆಟ್ಟಾ ಯಾರದೋ ಮದುವೆ ಕಾಗದದ ಬೆನ್ನಿಗೆ
ಸ್ಪ್ಯಾನಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದಳು.
'ಕೊರಸೋನ್' ಪದೇ ಪದೇ ಬರುತ್ತಿತ್ತು.
ಯಾವುದೋ ಊರಿನ ಹೆಸರಿರಬೇಕು, ದೂರದ ಬಂದರು,
ಎಂದುಕೊಂಡೇ ನಾನು ಗುಂಡಿ ಹಚ್ಚುತ್ತಿದ್ದೆ.

ಕೊಂಗಾ ಹಲಸಿನ ದಿಮ್ಮಿಯದು, ಕುದ್ರೋಳಿಯಲ್ಲಿ ಕೊರೆಸಿದ್ದು.
ಬಾರಿಸುವವ ಬೋಳಾರದ ಸಂಜೀವ,
ಹುಲಿವೇಷಕ್ಕೆ ತಾಸೆ ಹೊಡೆದು ಬೆರಳು ದಪ್ಪವಾದವ.
ಐವನ್ ಎರಡು ಕೋಲು ತಂದು ನನ್ನ ಮೇಜಿನ ಮೇಲೆ ಕುಟ್ಟಿದ:
ಟಕ್, ಟಕ್, ಟಕ್. ಟಕ್ ಟಕ್.
"ಮೂರು, ಮತ್ತೆ ಎರಡು. ಇಷ್ಟೇ ಮಾಬಲಣ್ಣ.
ಬಾಕಿ ಎಲ್ಲ ಇದರ ಮೇಲೆ ನಿಲ್ಲುವುದು."
ಆ ವಾರ ನನ್ನ ಮಷಿನೂ ಹಾಗೇ ಓಡಿತು,
ಮೂರು ಪ್ಯಾಂಟಿನ ಹೊಲಿಗೆ ಬಿಚ್ಚಬೇಕಾಯಿತು.

ಒಂದು ತೋಳಿಗೆ ಹದಿನೇಳು ನೆರಿಗೆ,
ಆರು ಜನ, ಹನ್ನೆರಡು ತೋಳು. ಲೆಕ್ಕ ನೀವೇ ಹಾಕಿ.
ಕುಲಶೇಖರದ ರೋಸಿನಲ್ಲಿ ಮುದುಕಿಯರು
ಮೈಗೆ ತೆಂಗಿನ ಹಾಲು ಮೆತ್ತಿಕೊಂಡೇ ಕುಣಿದರಂತೆ.
ಆಮೇಲೆ ಮಣಿಪಾಲ, ಆಮೇಲೆ ಗೋವಾ,
ಆಮೇಲೆ ಬಹರೈನಿನ ಹೋಟೆಲು, ಹೊಸ ವರ್ಷದ ರಾತ್ರಿ.
ವಾಯಿಲ್ ಹೋಗಿ ಸ್ಯಾಟಿನ್ ಬಂತು, ಸ್ಯಾಟಿನ್ ಮೇಲೆ ಚಮಕಿ.
ಬೆವರಿಗೆ ಬಣ್ಣ ಬಿಡುವ ಬಟ್ಟೆ ಬೇಡವೆಂದೆ.
ಲೈಟಿನಲ್ಲಿ ಗೊತ್ತಾಗುವುದಿಲ್ಲ ಅಂದರು.

ಒಡಕು ದರ್ಜಿಗೆ ಮೊದಲು ಗೊತ್ತಾಗುತ್ತದೆ.
ಒಂದೇ ರಿಕ್ಷಾದಲ್ಲಿ ಬಂದು ಇಳಿಯುತ್ತಿದ್ದವರು
ಬೇರೆ ಬೇರೆ ದಿನ ಬಂದರು ಅಳತೆಗೆ.
ಗ್ರೆಟ್ಟಾಳ ಗಂಡ: ಅವಳದ್ದು ಬೇರೆ ಬಣ್ಣ ಇರಲಿ, ಎದುರು ನಿಲ್ಲುವವಳು.
ಐವನ್: ಜೇಬಿನ ಮೇಲೆ ನನ್ನ ಹೆಸರು, ಜರಿಯಲ್ಲಿ.
ಕಾಸ್ಮಿರ್ ಕನ್ನಡಿ ನೋಡುತ್ತಲೇ ಕೇಳಿದ,
"ಅವನು ಎಷ್ಟು ಅಡ್ವಾನ್ಸ್ ಕೊಟ್ಟ?"
ಸಂಜೀವನ ಪಾಲು ಯಾವತ್ತೂ ಅರ್ಧ ಎಂದು
ನನಗೆ ತಿಳಿದದ್ದೂ ಆ ದಿನವೇ.

ಹೆಸರು ಯಾರದ್ದು ಎಂದು ಹಂಪನಕಟ್ಟೆಯ ವಕೀಲರು ನೋಟೀಸು ಬರೆದರು.
ಒಂದೇ ವಾರದಲ್ಲಿ ನನಗೆ ಎರಡು ಆರ್ಡರು:
'ಒರಿಜಿನಲ್ ವೆಲೆನ್ಸಿಯಾ', ಮೂರು ಅಂಗಿ.
'ರಿಯಲ್ ವೆಲೆನ್ಸಿಯಾ', ಎರಡು.
ಇಬ್ಬರೂ ಆರಿಸಿದ್ದು ಒಂದೇ ಥಾನಿನ ಕೆಂಪು!
ನಾನು ಯಾರಿಗೂ ಹೇಳಲಿಲ್ಲ.

ಮೂರು ಆ ಕಡೆ, ಎರಡು ಈ ಕಡೆ.
ಆರನೆಯವನ ಅಳತೆ ಯಾರೂ ಕೇಳಲಿಲ್ಲ.

ಮೊನ್ನೆ ಸಂಜೀವ ಬಂದಿದ್ದ, ಮಗಳ ಯೂನಿಫಾರ್ಮಿಗೆ.
ಧಕ್ಕೆಯಲ್ಲಿ ಬೋಟಿಗೆ ಐಸ್ ತುಂಬುವ ಕೆಲಸವಂತೆ.
ಕೊಂಗಾ ಎಲ್ಲಿ ಎಂದೆ.
"ಉಂಟು. ಅಮ್ಮ ಅದರ ಮೇಲೆ ಟಿವಿ ಇಟ್ಟಿದ್ದಾರೆ."
ಅವನೇ ಹೇಳಿದ್ದು, ಕೊರಸೋನ್ ಎಂದರೆ ಹೃದಯವಂತೆ.
ನನ್ನ ಬಂದರು ಮುಳುಗಿತು.

ಮಾತಿನ ನಡುವೆ ಅವನ ಬೆರಳು ಮೇಜಿನ ಮೇಲೆ
ಟಕ್, ಟಕ್, ಟಕ್...
ಫೋನು ಬಂತು. ಬೋಟು ಬಂದಿದೆಯಂತೆ. ಎದ್ದು ಹೋದ.
ಉಳಿದ ಎರಡನ್ನು ನನ್ನ ಕಾಲು ತುಳಿಯಿತು, ಕೇಳದೆ.
ಹುಡುಗಿಯ ಕಾಲರು ಸೊಟ್ಟಗಾಗಿದೆ.
ಬಿಚ್ಚಬೇಕು.