ಹತ್ತು ಮಂದಿಗೆ ಒಂದೇ ಪಾದ

ನ್ಯೂವಾರ್ಕ್. ಗುರುವಾರ, ಸಂಜೆ ಏಳು.
ಮೆಥಡಿಸ್ಟ್ ಚರ್ಚಿನ ಹಿಂಬದಿಯ ಕೋಣೆಯಲ್ಲಿ
ಹೀಟರು ಕೆಮ್ಮುತ್ತಿದೆ.
ಬಾರ್ನಬಿ ಥರ್ಕೆಲ್ ಹೊಸ ಡಬ್ಬಿಯನ್ನು ನನ್ನ ಮುಂದೆ ತಳ್ಳಿ
"ಹಲ್ಲಿನವಳೇ, ನೀನೇ ಹೇಳು" ಅಂದರು.

ಹಲ್ಲು ಕಟ್ಟುವುದು ನನ್ನ ಕಸುಬು.
ಅಚ್ಚಿನ ಎರಡು ಹೋಳು ಕೂಡಿದಲ್ಲಿ ಏಳುವ ಗೆರೆಯನ್ನು
ಬಾಯಿಯ ಒಡೆಯನ ನಾಲಿಗೆ ಕಾಣುವ ಮುನ್ನ
ನನ್ನ ಬೆರಳು ಕಾಣಬೇಕು.
ಅದಕ್ಕೇ ಈ ಗಂಡಸರ ಕೂಟದಲ್ಲಿ
ನನಗೊಂದು ಕುರ್ಚಿ, ಒಂದು ಕಪ್ಪು ಕಳ್ಳ ಚಹಾ.

ಬಿಚ್ಚಿದೆ. ಬೂದು ಪ್ಲಾಸ್ಟಿಕ್ಕಿನ ಚೌಕಟ್ಟಿನೊಳಗೆ
ರಾಜನ ಪರವೋ ಪಾರ್ಲಿಮೆಂಟಿನ ಪರವೋ
ಬಣ್ಣ ಬಳಿಯುವ ತನಕ ತಿಳಿಯದ ದಂಡು.
ಕಿರುಬೆರಳಿನ ಉಗುರಿನಷ್ಟು ಎತ್ತರದ ಆಳುಗಳು:
ಭರ್ಜಿಯವರು, ಕೋವಿಯವರು, ತಮಟೆಯ ಹುಡುಗನೊಬ್ಬ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ.
ಗುಂಡಿಗಳು ಗುಂಡಿಗಳ ಹಾಗೇ ಇವೆ.
ಒಬ್ಬನ ಕಾಲುಚೀಲ ಜಾರಿದೆ,
ಅದನ್ನು ಜಾರಿಸಿದ ಕೈಗೆ ನಮಸ್ಕಾರ.
ಭರ್ಜಿ ಮಾತ್ರ ಒನಕೆ, ಮೂಗಿಗಿಂತ ಮೂಗುತಿ ಭಾರ.
ತೆಳ್ಳಗಿದ್ದರೆ ಮುರಿಯುತ್ತಿತ್ತು, ಒಪ್ಪಿದೆ.
ಆದರೂ ಒನಕೆ.
ಟೋಪಿಯಡಿಯ ಮುಖಗಳು ಅರ್ಧ ಚೀಪಿದ ಪೆಪ್ಪರಮಿಂಟು.
ಮುನ್ನೂರು ತಲೆಗೆ ಇಪ್ಪತ್ತೆಂಟು ಪೌಂಡು.
ಒಂದು ತಲೆಯ ಕಾಸಿಗೆ ಕೆಳಗಿನ ಮೀನಂಗಡಿಯಲ್ಲಿ
ಎರಡು ಚಿಪ್ಸು ಬಂದರೆ ಹೆಚ್ಚು.

ಬಾರ್ನಬಿ ಬಿಸ್ಕತ್ತಿನ ಡಬ್ಬಿ ತೆರೆದರು.
ಎಪ್ಪತ್ತನಾಲ್ಕರ ಸೀಸದ ಆಳುಗಳು,
ರೈಲ್ವೆ ಸಿಗ್ನಲ್ ಕೋಣೆಯ ರಾತ್ರಿ ಪಾಳಿಯಲ್ಲಿ
ಎರಡು ಗೂಡ್ಸುಗಾಡಿಗಳ ನಡುವೆ ಬಣ್ಣ ಕಂಡವರು.
ಚಿನ್ನದ ಹಲ್ಲಿನ ಕಾಲದ ನನ್ನ ತಕ್ಕಡಿಯಲ್ಲಿ
ಒಬ್ಬ ಸೀಸದವನನ್ನು ಕೂರಿಸಿದೆವು.
ಎದುರಿಗೆ ಹತ್ತು ಮಂದಿಯ ಒಂದು ಪಟ್ಟಿ.
ಅಲುಗಲಿಲ್ಲ.
ಇನ್ನೊಂದು, ಮತ್ತೊಂದು.
ನಾಲ್ಕನೆಯದಕ್ಕೆ ಮುಳ್ಳು ನಡುವಿಗೆ ಬಂತು.

"ತೂಕ ಬಿಡು. ಇವರನ್ನು ಸಾಯಿಸೋದು ಹೇಗೆ?"

ನಿಜ. ಭುಜಕ್ಕೆ ಭುಜ ಬೆಸೆದು
ಹತ್ತು ಮಂದಿಗೂ ಒಂದೇ ಪಾದ.
ಐವತ್ತು ವರ್ಷ ದಾಳ ಉರುಳಿಸಿ
ಸತ್ತವನನ್ನು ಒಬ್ಬೊಬ್ಬನನ್ನಾಗಿ ಎತ್ತಿ
ಮೇಜಿನಂಚಿಗೆ ಮಲಗಿಸಿದ ಮನುಷ್ಯ ಇವರು.
ಬಾಯಲ್ಲೂ ಹೀಗೇ ಮಾಡ್ತೀವಿ, ಅಂದೆ.
ಬೇರಿಲ್ಲದ ಹಲ್ಲು ನೆರೆಯವರನ್ನು ಹಿಡಿದು ನಿಲ್ಲುತ್ತೆ.
ಅದಕ್ಕೆ ಸೇತುವೆ ಅಂತ ಹೆಸರು.
"ಒಬ್ಬನನ್ನು ಬಿಡಿಸು" ಅಂದರು.

ಕೂದಲಿನಂಥ ಗರಗಸ ತಂದಿದ್ದೆ.
ತುದಿಯವನನ್ನು ಕೊಯ್ದೆ. ಕಿರ್ ಕಿರ್.
ಚೌಕಾಬಾರಕ್ಕೆ ಹುಣಸೆಬೀಜವನ್ನು
ಜಗುಲಿ ಕಲ್ಲಿಗೆ ಉಜ್ಜುವಾಗ ಬರುತ್ತಿದ್ದ ಸದ್ದು,
ಬಿಳಿ ಕಂಡರೆ ಸಾಕು, ಬೀಜ ದಾಳವಾಗುತ್ತಿತ್ತು.
ನಿಲ್ಲಿಸಿದೆ. ಬಿದ್ದ.
ಮತ್ತೆ ನಿಲ್ಲಿಸಿದೆ. ಮತ್ತೆ ಬಿದ್ದ.
ಪಟ್ಟಿಯಲ್ಲಿ ಉಳಿದ ಒಂಬತ್ತನೆಯವನಿಗೂ
ಈಗ ಒಂದು ಭುಜವಿಲ್ಲ.

ಬಾರ್ನಬಿಯ ಬೆರಳುಗಳು ಎರಡು ವರ್ಷದಿಂದ
ಕೈಯಲ್ಲಿ ಏನಿಲ್ಲದಿದ್ದರೂ ದಾಳ ಉರುಳಿಸುತ್ತವೆ.
ಸೀಸದವನು ಜಾರಿ ನೆಲಕ್ಕೆ ಬಡಿದ,
ಟಣ್ಣೆಂದಿತು, ಭರ್ಜಿ ಬಾಗಿತು.
ಪಟ್ಟಿಯೂ ಜಾರಿತು.
"ನೋಡಿ, ಏನೂ ಆಗಲಿಲ್ಲ" ಅಂದೆ.
"ಸದ್ದೂ ಆಗಲಿಲ್ಲ.
ಅದೇ ನನ್ನ ತಕರಾರು."

ಕಿಟಕಿಯಾಚೆ ಟ್ರೆಂಟ್ ನದಿ, ಅದರ ಮೇಲೆ ಕೋಟೆ.
ನದಿಯ ಕಡೆಗೆ ಗೋಡೆ, ಹಿಂದುಗಡೆ ಹುಲ್ಲು,
ನಗುವಾಗ ತೋರಿಸಲಷ್ಟೇ ಉಳಿಸಿಕೊಂಡ ಮುಂಬಲ್ಲು.
ಮುತ್ತಿಗೆಯ ಕಡೆಯಲ್ಲಿ ಪ್ಲೇಗು ಬಂದಿತ್ತಂತೆ,
ಡಬ್ಬಿಯಲ್ಲಿ ಹೆಣ ಎತ್ತುವವರಿಲ್ಲ,
ರೊಟ್ಟಿ ಸುಡುವವಳಿಲ್ಲ. ಮುಂದಿನ ಕಂತಿಗಿರಬಹುದು.

ಕೊಳ್ಳಬಹುದಾ? ಕೊಳ್ಳಬಹುದು.
ಬಾರ್ನಬಿ ಗೊಣಗುತ್ತಲೇ ಎರಡು ಡಬ್ಬಿಗೆ ಹೇಳಿದರು.

ಬಿಡಿಸಿದವನನ್ನು ಜೇಬಿಗೆ ಹಾಕಿಕೊಂಡು ಬಂದು
ಒಸಡು ಮಾಡುವ ಗುಲಾಬಿ ಮೇಣದಲ್ಲಿ
ಅವನಿಗೊಂದು ಪಾದ ಕಟ್ಟಿಕೊಟ್ಟೆ.
ನಿಂತಿದ್ದಾನೆ.
ಬರುವ ಗುರುವಾರ
ಮೊದಲು ಸಾಯುವ ಸರದಿ ಅವನದಂತೆ.