ಮಾಗಡಿ ಕೆರಿಯಾಗ ಒಂದು ಬಿಳುಪು

ನಿನ್ನಿ ಮದುವಿಯ ಅಕ್ಷತೆ ಇನ್ನೂ ಕೂದಲಾಗ,
ಕ್ಯಾಮೆರಾ ಹೆಗಲಿಗೆ. ಏರಿ ಮ್ಯಾಲೆ ಕಾವಲುಗಾರ ದಾವಲಸಾಬ:
"ತಡೀರಿ, ರಾತ್ರೆಲ್ಲಾ ಹೊಲದಾಗ ಕಡ್ಲಿ ಮೇದ
ಗೀರುತಲಿ ಬಾತು ಈಗ ಇಳಿತಾವ."

ಇಳಿದ್ವು.
ಕೆರಿ ತುಂಬ ರೆಕ್ಕಿ ಸಪ್ಪಳ.
ಆ ಬೂದಿ ಬಣ್ಣದ ನಡುವ ಒಂದು ಬ್ಯಾರೆ ಬಿಳುಪು—
ಕಡಲಕಾಗಿ!
ಕಾರವಾರದಾಗ ಮೀನದೋಣಿ ಬೆನ್ನ ಹತ್ತಿ ಚೀರತಿದ್ದದ್ದು
ಇಲ್ಲಿ ತೆಪ್ಪಗ, ಬೀಗರ ಮನಿಯಾಗ ಕುಂತಂಗ.

"ಯಾರೋ ಕಡ್ಲಿ ಅಂದದ್ದು
ಕಡಲು ಅಂತ ಕೇಳಿರಬೇಕ್ರಿ ಅದಕ್ಕ,"
ಬೀಡಿ ಹಚ್ಚದ ಕಿವಿಗೆ ಸಿಗಿಸಿದ ದಾವಲಸಾಬ.

ಒತ್ತಿದೆ. ಕಾರ್ಡು ತುಂಬೇತಿ.
ಕುಂತಲ್ಲೇ ಅಳಿಸಿದೆ: ಕಣ್ಣು ಮುಚ್ಚಿದ ಸೋದರಮಾವ,
ಮತ್ತ ಕಣ್ಣು ಮುಚ್ಚಿದ ಸೋದರಮಾವ,
ಸಾರಿನ ಬಕೀಟು.

ಒಂದ ಫೋಟೊಕ್ಕ ಜಾಗ ಆತು, ಒಂದ ಸಿಕ್ಕಿತು.
ಹಿಗ್ಗಿಸಿ ನೋಡಿದರ
ಹಕ್ಕಿನೂ ಕಣ್ಣು ಮುಚ್ಚೇತಿ.